ಥರ್ಮೋಸ್ಟಾಟ್ ಇಲ್ಲದೆ ಹಾವಿಗೆ ಹೀಟ್ ಮ್ಯಾಟ್ ಹಾಕಬೇಡಿ, ನಾನು ಹಾಕಿ ಕೆಟ್ಟೆ

ನಮ್ಮ ಕಡೆ ಹಂಚಿನ ಮನೆಯಲ್ಲಿ ಹಾವು ಸಾಕಿರುವವರು ದಯವಿಟ್ಟು ಓದಿ. ಕಳೆದ ಡಿಸೆಂಬರಿನಲ್ಲಿ ನನ್ನ ಹಾವಿನ ಹೊಟ್ಟೆ ಸುಟ್ಟಿತು. ಸುಟ್ಟಿದ್ದು ನನ್ನಿಂದಲೇ.

ನನ್ನದು ಬಾಲ್ ಪೈಥಾನ್. ಹೆದರಿದರೆ ತಲೆ ಒಳಗಿಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತಾನೆ, ಅದಕ್ಕೇ ಗುಂಡ ಅಂತ ಹೆಸರು. ಮೊದಲೇ ಹೇಳಿಬಿಡುತ್ತೇನೆ, ತೋಟದ ಕೇರೆ, ಹೆಬ್ಬಾವು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಗುಂಡ ಆಫ್ರಿಕಾದ ಜಾತಿ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆ. ಘಾನಾ, ಬೆನಿನ್ ಕಡೆಯ ಹಾವು ಇದು. ಪೆಟ್ಟಿಗೆಯ ಒಂದು ಕಡೆ 31-32 ಡಿಗ್ರಿ, ಇನ್ನೊಂದು ಕಡೆ 26ರ ಆಸುಪಾಸು ಇರಬೇಕು. ರಾತ್ರಿ 24ಕ್ಕಿಂತ ಕೆಳಗೆ ಹೋಗಬಾರದು. ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಡಿಸೆಂಬರ್ ಬೆಳಗಿನ ಜಾವ ಅವನಿರುವ ಕೋಣೆಯಲ್ಲೇ 16 ಡಿಗ್ರಿ.

ಹಾಗಾಗಿ ಒಂದು ಹೀಟ್ ಮ್ಯಾಟ್, ಅಂದರೆ ಕರೆಂಟಿನಲ್ಲಿ ಬಿಸಿಯಾಗುವ ತೆಳು ಹಾಸು, ತರಿಸಿದೆ. ಮಾರಿದವನನ್ನು ಫೋನಿನಲ್ಲಿ ಕೇಳಿದ್ದೆ, ಥರ್ಮೋಸ್ಟಾಟ್ (ಬಿಸಿ ಹೆಚ್ಚಾದರೆ ತಾನೇ ಕರೆಂಟ್ ಕಡಿಯುವ ಸಾಧನ) ಬೇಕಾ ಅಂತ. "ಬೇಡ ಸಾರ್, ಇದು ಬರೀ 14 ವ್ಯಾಟು, ಎಷ್ಟು ಅಂತ ಬಿಸಿ ಆಗುತ್ತೆ" ಅಂದ. ಮ್ಯಾಟನ್ನು ಗಾಜಿನ ತೊಟ್ಟಿಯ ಅಡಿಗೆ ಅಂಟಿಸಿದೆ, ಸಂಜೆ ಏಳಕ್ಕೆ ಒಳಗೆ ಕೈಯಿಟ್ಟು ನೋಡಿದರೆ ಉಗುರುಬೆಚ್ಚಗೂ ಇಲ್ಲ. ತೊಟ್ಟಿಯ ಗೋಡೆಗೆ ಅಂಟಿಸಿದ್ದ ಮುಳ್ಳಿನ ಥರ್ಮಾಮೀಟರ್ 22 ತೋರಿಸುತ್ತಿತ್ತು. ನಮ್ಮ ಅಜ್ಜಿ ನಾಗರಪಂಚಮಿಗೆ ಕಲ್ಲಿಗೆ ಹಾಲೆರೆಯುತ್ತಾರೆ, ಆದರೆ ಗುಂಡನ ಕೋಣೆಯ ಹೊಸ್ತಿಲು ದಾಟುವುದಿಲ್ಲ. ಅವತ್ತು ಬಾಗಿಲಲ್ಲೇ ನಿಂತು, "ಅದಕ್ಕೂ ಚಳಿ ಆಗೂದಿಲ್ವನಾ, ಒಂದು ಕಂಬಳಿ ಹೊದಿಸು ಮಾರಾಯ" ಅಂದರು. ಹಳೇ ಕಂಬಳಿಯನ್ನು ತೊಟ್ಟಿಯ ಅಡಿಗೆ ನಾಲ್ಕು ಮಡಿಕೆ ಹಾಕಿ, ಸುತ್ತಲೂ ಎಳೆದು ಮಲಗಲು ಹೋದೆ.

ಮೂರನೇ ದಿನ ಬೆಳಿಗ್ಗೆ ಅವನನ್ನು ಎತ್ತಿದಾಗ ಹೊಟ್ಟೆಯಲ್ಲಿ ಅಂಗೈ ಅಗಲ ಕೆಂಪು ಕಲೆ. ಕೊಳೆ ಅಂತ ತಿಳಿದು ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಒಂದು ಹುರುಪೆ ಬಟ್ಟೆಗೇ ಅಂಟಿಕೊಂಡು ಬಂತು. ಆಮೇಲೆ ನನಗೆ ಕೈಕಾಲು ಆಡಲಿಲ್ಲ.

ಏನಾಗಿದೆ ಅಂತ ಗೊತ್ತಾಗಿದ್ದು ಎಲೆಕ್ಟ್ರಿಷಿಯನ್ ಗೆಳೆಯ ಮೀಟರ್ ತಂದ ಮೇಲೆ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ನು ಮನೆಯಲ್ಲಿತ್ತು, ಅದು ತೊಟ್ಟಿಯ ನೆಲಕ್ಕೆ ಹಿಡಿದರೆ ಸುಮ್ನೆ 'ಹೈ' ಅನ್ನುತ್ತಿತ್ತು, ನಂಬರೇ ಇಲ್ಲ. ಅವನ ಮೀಟರಿನ ತಂತಿಯನ್ನು ಗಾಜಿಗೆ ಒತ್ತಿ ಹಿಡಿದಾಗ 47 ಡಿಗ್ರಿ. ಅದೇ ಹೊತ್ತಿಗೆ ಗೋಡೆಯ ಮುಳ್ಳು 25ರಲ್ಲಿ! ಅದು ಅಳೆಯುತ್ತಿದ್ದದ್ದು ಮೇಲಿನ ಗಾಳಿಯನ್ನು, ಹಾವು ಮಲಗಿದ್ದು ಕೆಳಗೆ. ಆಮೇಲೆ ಕರೆಂಟ್ ನೋಡಿದೆವು. ಅಡಿಕೆ ಕೊಯ್ಲಿನ ಸಮಯ, ಸಂಜೆ ಎಲ್ಲರ ಮನೆಯಲ್ಲೂ ಸುಲಿಯುವ ಮೆಷಿನ್, ಜೊತೆಗೆ ಪಂಪ್‌ಸೆಟ್ಟು, ಹಾಗಾಗಿ ಏಳು ಗಂಟೆಗೆ ವೋಲ್ಟೇಜ್ 178. ಬೆಳಗಿನ ಜಾವ ಐದಕ್ಕೆ ಎಲ್ಲ ಆಫ್ ಆಗಿರುತ್ತಲ್ಲ, ಆಗ 241. ಮ್ಯಾಟಿನ ಒಳಗಿರುವುದು ಬರೀ ಬಿಸಿಯಾಗುವ ತಂತಿ. ವೋಲ್ಟೇಜ್ ಇಷ್ಟು ಏರಿದರೆ ಅದು ಕೊಡುವ ಬಿಸಿ ಒಂದೂ ಮುಕ್ಕಾಲು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಸಾಲದ್ದಕ್ಕೆ ಅಡಿಯಲ್ಲಿ ಕಂಬಳಿ ಬೇರೆ, ಕೆಳಗಡೆ ಬಿಸಿ ಹೋಗಲಿಕ್ಕೆ ದಾರಿಯೇ ಇಲ್ಲ. ನಾನು ಸಂಜೆ ಕೈಯಿಟ್ಟು ನೋಡಿದ್ದು ಲೆಕ್ಕಕ್ಕೇ ಬರಲಿಲ್ಲ.

ಬಿಸಿ ತಾಗಿದರೆ ಹಾವು ಎದ್ದು ಹೋಗುವುದಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಹೋಗುವುದಿಲ್ಲ. ಅಡಿಯಿಂದ ನಿಧಾನಕ್ಕೆ ಏರುವ ಬಿಸಿ ಅವಕ್ಕೆ ಎಷ್ಟೋ ಸಲ ಸುಡುವವರೆಗೂ ಅಪಾಯ ಅನ್ನಿಸುವುದಿಲ್ಲ, ಅದೂ ಉಳಿದ ಜಾಗವೆಲ್ಲ ತಣ್ಣಗಿದ್ದಾಗ.

ಡಾಕ್ಟರಿಗಾಗಿ ಶಿವಮೊಗ್ಗಕ್ಕೆ ಆರು ಸಲ ಓಡಾಡಿದೆ, ತಲೆದಿಂಬಿನ ಕವರಿನಲ್ಲಿ ಗುಂಡ, ಅದರ ಪಕ್ಕ ಬಿಸಿನೀರಿನ ಬಾಟಲಿ. ಇಂಜೆಕ್ಷನ್, ಸುಟ್ಟ ಗಾಯದ ಮುಲಾಮು, ಹಾಸಿಗೆಗೆ ತೆಂಗಿನ ನಾರಿನ ಬದಲು ದಿನಾ ಬದಲಿಸುವ ಪೇಪರ್. ಎರಡೂವರೆ ತಿಂಗಳು ಒಂದು ಇಲಿಯನ್ನೂ ಮುಟ್ಟಲಿಲ್ಲ.

ಈಗ ಥರ್ಮೋಸ್ಟಾಟ್ ಹಾಕಿದ್ದೇನೆ. ಅದರ ಪ್ರೋಬ್ (ಬಿಸಿ ಅಳೆಯುವ ತಂತಿಯ ತುದಿ) ಇಡುವ ಜಾಗ ಮುಖ್ಯ: ಗಾಳಿಯಲ್ಲಿ ನೇತಾಡಿಸಬೇಡಿ, ಮ್ಯಾಟಿನ ನೇರ ಮೇಲೆ ತೊಟ್ಟಿಯ ನೆಲಕ್ಕೆ ತಾಗಿಸಿ ಕೂರಿಸಿ, ಹಾವು ಸರಿಸದ ಹಾಗೆ. 32ಕ್ಕೆ ಇಟ್ಟಿದ್ದೇನೆ. ಇನ್ನೊಂದು ಬೇರೆ ಡಿಜಿಟಲ್ ಥರ್ಮಾಮೀಟರ್ ಪಕ್ಕದಲ್ಲೇ ಇದೆ, ಯಾಕೆಂದರೆ ಥರ್ಮೋಸ್ಟಾಟೂ ಕೆಡಬಹುದು. ತೊಟ್ಟಿಯ ಕೆಳಗೆ ರಬ್ಬರ್ ಬಿಲ್ಲೆ ಇಟ್ಟು ಗಾಳಿಯಾಡಲು ಸಂದು ಬಿಟ್ಟಿದ್ದೇನೆ, ಮೂರು ಬದಿಗೆ ಥರ್ಮಾಕೋಲ್. ಬಲ್ಬ್ ಒಳಗೆ ಹಾಕಿ ಅಂದವರೂ ಇದ್ದಾರೆ, ಹಾವು ಅದಕ್ಕೇ ಸುತ್ತಿಕೊಳ್ಳುತ್ತೆ, ಬೇಡವೇ ಬೇಡ.

ಕರೆಂಟ್ ಹೋದರೆ? 14 ವ್ಯಾಟ್ ಅಂದರೆ ಮನೆಯ ಇನ್ವರ್ಟರಿಗೆ ಏನೂ ಅಲ್ಲ, ಆ ಪ್ಲಗ್ಗಿಗೆ ಲೈನ್ ಎಳೆಸಿ. ಇನ್ವರ್ಟರೂ ಕೈಕೊಟ್ಟರೆ ಬಚ್ಚಲೊಲೆಯ ಹಂಡೆ ಇದೆಯಲ್ವಾ, ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಒಂದು ಮೂಲೆಗೆ ಇಡಿ. ಅಂಥ ವಾರ ಇಲಿ ಮಾತ್ರ ಕೊಡಬೇಡಿ. ಮೈ ತಣ್ಣಗಿದ್ದರೆ ಜೀರ್ಣವಾಗುವುದಿಲ್ಲ, ಹೊಟ್ಟೆಯೊಳಗೇ ಕೊಳೆತು ವಾಂತಿ ಮಾಡಿಕೊಳ್ಳುತ್ತವೆ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಸಿಳ್ಳೆಯ ಸದ್ದು ಕಂಡರೆ ಶ್ವಾಸಕೋಶಕ್ಕೆ ಸೋಂಕು ತಗುಲಿರಬಹುದು, ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಗುಂಡ ಮಾರ್ಚಿನಲ್ಲಿ ಮೊದಲ ಇಲಿ ತಿಂದ. ಇಲ್ಲಿಯವರೆಗೆ ಮೂರು ಸಲ ಪೊರೆ ಬಿಟ್ಟಿದ್ದಾನೆ, ಕಲೆ ಪ್ರತಿ ಸಲ ಸ್ವಲ್ಪ ಚಿಕ್ಕದಾಗುತ್ತಿದೆ, ಆ ಜಾಗದ ಹುರುಪೆಗಳು ಮಾತ್ರ ಸೊಟ್ಟಗೆ ಬಂದಿವೆ. ಅಜ್ಜಿ ಈಗಲೂ ಹೊಸ್ತಿಲ ಆಚೆಯಿಂದಲೇ, "ಉಂಡಿತನಾ?" ಅಂತ ಕೇಳುತ್ತಾರೆ.