ಬರ್ಲಿನ್‌ನಲ್ಲಿ ರೂಮ್ ಹುಡುಕುತ್ತಿರುವವರು ಓದಿ: ಅನ್‌ಮೆಲ್ಡುಂಗ್ "ಆಮೇಲೆ" ಅಂದರೆ ಆ ಮನೆ ಬೇಡ

ಬರ್ಲಿನ್‌ಗೆ ಓದಲು ಬರುತ್ತಿರುವವರು, ಅದರಲ್ಲೂ ವಾಟ್ಸಾಪ್ ಗುಂಪುಗಳಲ್ಲಿ "ನಮ್ಮವರ ಮನೆ" ಅಂತ ರೂಮ್ ಹುಡುಕುತ್ತಿರುವವರು, ದುಡ್ಡು ಕೊಡುವ ಮೊದಲು ಇದನ್ನು ಓದಿ. ಅನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಮಾಡಿಸಿಕೊಡದ ಮನೆಗೆ ಒಂದು ಯೂರೋ ಕೂಡ ಕೊಡಬೇಡಿ. "ಈಗ ಆಗಲ್ಲ, ಆಮೇಲೆ ನೋಡೋಣ" ಅಂದರೂ ಕೊಡಬೇಡಿ. ನನಗೆ ಹಾಗೆ ಹೇಳಿದ ಮನುಷ್ಯ ನನ್ನ 1,860 ಯೂರೋ ನುಂಗಿ ಕೂತಿದ್ದಾನೆ. ಇದನ್ನು ಬರೆಯೋಕೂ ನಾಚಿಕೆ ಆಗುತ್ತಿದೆ, ಊರಲ್ಲಿ ಅಪ್ಪನಿಗೆ ಇನ್ನೂ ಪೂರ್ತಿ ಹೇಳಿಲ್ಲ. ಆದರೆ ಇಂಥದೇ ರೂಮಿನ ಜಾಹೀರಾತುಗಳು ಈಗಲೂ ಓಡಾಡುತ್ತಿವೆ, ಇನ್ನೊಬ್ಬರು ಬೀಳುವ ಮೊದಲು ಹೇಳಿಬಿಡಬೇಕು.

"ನಾನು ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀ ಕೊರಿಯರ್ ಮಾಡ್ತೀನಿ" ಅನ್ನುವ ಮೋಸ ಎಲ್ಲರಿಗೂ ಗೊತ್ತು. ನನಗೆ ಆಗಿದ್ದು ಅದಲ್ಲ. ನಾನು ಮನೆ ನೋಡಿದ್ದೇನೆ, ಕೀ ಕೈಗೆ ಬಂದಿದೆ, ಅಲ್ಲೇ ವಾಸ ಮಾಡಿದ್ದೇನೆ. ಅದಕ್ಕೇ ಇದು ಬೇಗ ಗೊತ್ತಾಗುವುದಿಲ್ಲ.

ಬರ್ಲಿನ್‌ನ ವೆಡ್ಡಿಂಗ್ ಅನ್ನುವ ಬಡಾವಣೆ ಕಡೆ ಮೂರು ರೂಮಿನ ಮನೆ. ಒಂದೊಂದು ರೂಮಿಗೆ ಒಬ್ಬೊಬ್ಬ ಹುಡುಗಿ. ಬಾಡಿಗೆಗೆ ಕೊಟ್ಟವರು ತುಮಕೂರು ಕಡೆಯವರು, ನಾನು ತಿಪಟೂರು. ಫೋನಿನಲ್ಲಿ ಮೊದಲ ಮಾತೇ "ಅಯ್ಯೋ, ನಮ್ಮೂರ ಹುಡುಗಿ ಅಲ್ವಾ, ಹೆದರ್ಕೋಬೇಡಮ್ಮ, ಅಣ್ಣ ಇದ್ದೀನಿ" ಅಂತ. ಅವರು ಆ ಮನೆಯಲ್ಲಿ ಇರುತ್ತಿರಲಿಲ್ಲ, ಬೇರೆ ಕಡೆ ಸಂಸಾರ. ನನ್ನ ರೂಮಿಗೆ ಬಾಡಿಗೆ 620, ಡೆಪಾಸಿಟ್ ಮೂರು ತಿಂಗಳದ್ದು, ಎಲ್ಲ ನಗದು, ಎಲ್ಲ ಒಂದೇ ಸಲ. ಇಲ್ಲಿ ವಿದ್ಯಾರ್ಥಿಗಳ ಬ್ಲಾಕ್ಡ್ ಅಕೌಂಟಿನಿಂದ, ಅಂದರೆ ವೀಸಾಕ್ಕಾಗಿ ಮೊದಲೇ ದುಡ್ಡು ಕಟ್ಟಿ ತಿಂಗಳಿಗೆ ಇಷ್ಟೇ ಅಂತ ತೆಗೆಯುವ ಖಾತೆಯಿಂದ, ತಿಂಗಳಿಗೆ ಸಿಗುವುದೇ 992 ಯೂರೋ. ಅಪ್ಪ ಬ್ಯಾಂಕಿನಲ್ಲಿ ಸಾಲ ಮಾಡಿ ಕೊಟ್ಟ ದುಡ್ಡು ಅದು. ಫಾರೆಕ್ಸ್ ಕಾರ್ಡಿನಿಂದ ತೆಗೆದದ್ದು, ಊರಿಂದ ತಂದ ನೋಟು, ಎಲ್ಲ ಸೇರಿಸಿ ಕೊಟ್ಟೆ. ನಗದು ಯಾಕೆ ಕೊಟ್ಟೆ ಅಂತ ಕೇಳುವವರಿಗೆ ಒಂದೇ ಮಾತು, ಬರ್ಲಿನ್‌ನಲ್ಲಿ ಒಂದು ರೂಮ್ ನೋಡೋಕೆ ಎಷ್ಟು ಜನ ಸಾಲು ನಿಲ್ಲುತ್ತಾರೆ ಅಂತ ನಿಮಗೇ ಗೊತ್ತು. ಹಾಸ್ಟೆಲ್ ಬುಕಿಂಗ್ ಮುಗಿಯುತ್ತಾ ಬಂದಿತ್ತು.

ಈ ಅನ್‌ಮೆಲ್ಡುಂಗ್ ಅನ್ನು ಹೊಸ ಮನೆಗೆ ಬಂದ ಎರಡು ವಾರದಲ್ಲಿ ಮಾಡಿಸಬೇಕು ಅನ್ನುವುದು ಕಾನೂನು. ಬ್ಯೂರ್ಗರ್‌ಆಮ್ಟ್‌ನಲ್ಲಿ, ಅಂದರೆ ನೋಂದಣಿ ಮಾಡುವ ಸರ್ಕಾರಿ ಕಚೇರಿಯಲ್ಲಿ, ಅಪಾಯಿಂಟ್‌ಮೆಂಟ್ ಸಿಗದೆ ತಡವಾದರೆ ಸಾಮಾನ್ಯವಾಗಿ ಏನೂ ಅನ್ನುವುದಿಲ್ಲ, ಆದರೆ ಇವರು ಇಲ್ಲಿ ವಾಸಕ್ಕೆ ಬಂದಿದ್ದಾರೆ ಅಂತ ಮನೆ ಕೊಟ್ಟವರು ಸಹಿ ಮಾಡಿದ ಕಾಗದ ಇಲ್ಲದೆ ಹೋದರೆ ವಾಪಸ್ ಕಳಿಸುತ್ತಾರೆ. ಆ ನೋಂದಣಿ ಆದರೇನೇ ಟ್ಯಾಕ್ಸ್ ನಂಬರ್ ಪೋಸ್ಟಿನಲ್ಲಿ ಬರುವುದು. ಆ ನಂಬರ್ ಕೊಡದೇ ಹೋದರೆ ಪಾರ್ಟ್‌ಟೈಮ್ ಸಂಬಳದಲ್ಲಿ ಆರನೇ ವರ್ಗದ ತೆರಿಗೆ ಕಡಿಯುತ್ತಾರೆ, ಅಂದರೆ ಎಲ್ಲಕ್ಕಿಂತ ಜಾಸ್ತಿ ಕಡಿತ. ರೆಸಿಡೆನ್ಸ್ ಪರ್ಮಿಟ್‌ಗೂ ಇದೇ ಬೇಕು. ನಾನು ಊರಿಂದ ಬಂದ ವೀಸಾದ ಅವಧಿ ಕರಗುತ್ತಾ ಇತ್ತು, ನನ್ನ ಹತ್ತಿರ ವಿಳಾಸವೇ ಇಲ್ಲ.

ಕೇಳಿದಾಗಲೆಲ್ಲ ಒಂದೊಂದು ಉತ್ತರ. ಮೊದಲು "ಓನರ್ ಊರಲ್ಲಿಲ್ಲಮ್ಮ, ಬಂದ ತಕ್ಷಣ ಸೈನ್ ಹಾಕಿಸ್ತೀನಿ." ಆಮೇಲೆ "ಇಲ್ಲಿ ಎಲ್ಲರೂ ಹೀಗೇ ಇರೋದು, ನಾನು ಬಂದಾಗ ಆರು ತಿಂಗಳು ಹೀಗೇ ಇದ್ದೆ, ಏನೂ ಆಗಲ್ಲ." ಇನ್ನೊಂದು ಸಲ "ಸೈನ್ ಹಾಕೋದು ಓನರ್ ಕಣಮ್ಮ, ನನ್ನ ಕೈಲಿ ಏನಿದೆ?" ಇದು ಹಸಿ ಸುಳ್ಳು. ನಿಮಗೆ ರೂಮ್ ಕೊಟ್ಟವರು ಯಾರೋ ಅವರೇ ಆ ಕಾಗದಕ್ಕೆ ಸಹಿ ಹಾಕಬಹುದು, ಅವರೂ ಬಾಡಿಗೆಗೆ ಇರುವವರೇ ಆಗಿದ್ದರೂ ಹಾಕಬಹುದು. ಹಾಕಲೇಬೇಕು. 2015ರ ನವೆಂಬರಿನಿಂದ ಇದು ಮನೆ ಕೊಟ್ಟವರ ಕರ್ತವ್ಯ, ಕೊಡದಿದ್ದರೆ 1,000 ಯೂರೋವರೆಗೆ ದಂಡ ಇದೆ. ಈತನಿಗೆ ಇದ್ದ ಕಷ್ಟ ಬೇರೆ. ಆ ಕಾಗದದಲ್ಲಿ ಓನರ್ ಹೆಸರು ಬರೆಯಬೇಕು, ಓನರಿಗೆ ನಾವು ಮೂವರು ಆ ಮನೆಯಲ್ಲಿರುವುದೇ ಗೊತ್ತಿರಲಿಲ್ಲ.

ಕೆಳಗೆ ಅಂಚೆ ಡಬ್ಬಿಯ ಮೇಲೆ ನಮ್ಮ ಹೆಸರೂ ಇರಲಿಲ್ಲ. ಇಲ್ಲಿ ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಪತ್ರ ವಾಪಸ್ ಹೋಗುತ್ತದೆ. ನಾನು ಒಂದು ಚೀಟಿಯಲ್ಲಿ ನನ್ನ ಹೆಸರು ಬರೆದು ಟೇಪ್ ಹಾಕಿ ಅಂಟಿಸಿದ್ದೆ, ಸಂಜೆ ಬರುವಷ್ಟರಲ್ಲಿ ಯಾರೋ ಕಿತ್ತು ಹಾಕಿದ್ದರು, ಟೇಪಿನ ಅಂಚು ಮಾತ್ರ ಉಳಿದಿತ್ತು. ಫೋನ್ ಮಾಡಿದರೆ "ಹಾಗೆಲ್ಲ ಅಂಟಿಸಬೇಡಮ್ಮ, ಬಿಲ್ಡಿಂಗ್‌ನವರು ಬೈತಾರೆ" ಅಂದರು. ನಾನು ಅಂಟಿಸಿದ್ದು ಇವರಿಗೆ ಹೇಗೆ ಗೊತ್ತಾಯಿತು? ಆಗಲೇ ಹೊಟ್ಟೆಯೊಳಗೆ ಒಂಥರಾ ಆಯಿತು.

ಒಂದು ದಿನ ಅವರೇ ಫೋನ್ ಮಾಡಿ "300 ಯೂರೋ ಕೊಡು, ಸ್ಪಾಂಡೌನಲ್ಲಿ ನನ್ನ ಫ್ರೆಂಡ್ ಮನೆ ಇದೆ, ಅಲ್ಲಿಗೆ ನಿನ್ನ ಹೆಸರು ಹಾಕಿಸ್ತೀನಿ, ಎಲ್ಲ ಸಲೀಸಾಗಿ ಆಗುತ್ತೆ" ಅಂದರು. ನಾನು ಇರದ ಮನೆಗೆ ನನ್ನ ಹೆಸರು! ಇದನ್ನು ಮಾತ್ರ ಯಾರೂ ಒಪ್ಪಬೇಡಿ. ವಾಸ ಇಲ್ಲದ ವಿಳಾಸಕ್ಕೆ ನೋಂದಣಿ ಮಾಡಿಸುವುದು ಕಾನೂನಿಗೆ ವಿರುದ್ಧ. ವಿಳಾಸ ಕೊಟ್ಟವರಿಗೆ 50,000 ಯೂರೋವರೆಗೆ ದಂಡ ಹಾಕಬಹುದು, ಮಾಡಿಸಿಕೊಂಡವರಿಗೂ ದಂಡ ಇದೆ. ನಾನು ಆಗಲ್ಲ ಅಂದೆ. ಆ ದಿನದಿಂದ ಅಣ್ಣನ ದನಿಯೇ ಬದಲಾಯಿತು.

ಪೂರ್ತಿ ಗೊತ್ತಾಗಿದ್ದು ಅಡುಗೆಮನೆಯಲ್ಲಿ. ಓವನ್ ಕೆಟ್ಟಿತ್ತು, ಅದರ ಪುಸ್ತಕ ಸಿಗುತ್ತಾ ಅಂತ ಕೆಳಗಿನ ಡ್ರಾಯರ್ ಎಳೆದೆ. ಹಳೆ ಪಿಜ್ಜಾ ಚೀಟಿಗಳು, ಬ್ಯಾಟರಿ, ಅದರ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಈತನ ಬಾಡಿಗೆ ಕರಾರಿನ ಜೆರಾಕ್ಸ್. ಒಬ್ಬರ ಹೆಸರಿಗೆ ಮಾತ್ರ ಮನೆ. ನೀರು, ಹೀಟಿಂಗ್ ಎಲ್ಲ ಸೇರಿ ಪೂರ್ತಿ ಮನೆಗೆ 890 ಯೂರೋ. ಫೋನಿನಲ್ಲಿ ಅನುವಾದ ಮಾಡಿ ಮಾಡಿ ಓದಿದೆ. ಬೇರೆಯವರಿಗೆ ಒಳಬಾಡಿಗೆ ಕೊಡಬೇಕಾದರೆ ಓನರ್ ಒಪ್ಪಿಗೆ ಬೇಕು ಅಂತ ಸ್ಪಷ್ಟವಾಗಿ ಬರೆದಿತ್ತು. ನಮ್ಮ ಮೂವರ ಬಾಡಿಗೆ ಕೂಡಿಸಿದೆವು, 1,760. ಆತ ಕಟ್ಟುತ್ತಿದ್ದದ್ದು 890, ನಮ್ಮಿಂದ ಕೀಳುತ್ತಿದ್ದದ್ದು 1,760. ಅದರ ಜೊತೆ ಟಿವಿ ರೇಡಿಯೋ ಶುಲ್ಕ 18.36 ಯೂರೋ, ಅದು ಒಂದು ಮನೆಗೆ ಒಂದೇ ಸಲ ಕಟ್ಟುವುದು, ಅದನ್ನೂ ಮೂವರ ಹತ್ತಿರ ಬೇರೆ ಬೇರೆಯಾಗಿ ಪ್ರತಿ ತಿಂಗಳು ಇಸಿದುಕೊಳ್ಳುತ್ತಿದ್ದರು. ನಾವು ಮೂವರೂ ಆ ನೆಲದ ಮೇಲೇ ಕೂತುಬಿಟ್ಟೆವು. "ನಮ್ಮೂರ ಹುಡುಗಿ" ಅಂತ ಅಷ್ಟು ಸಲ ಅಂದರಲ್ಲ, ಅದು ನೆನಪಾಗಿ ಮೈ ಉರಿಯಿತು.

ಅದಾದ ಮೇಲೆ ಹೊಗೆ ಅಲಾರಂ ಪರೀಕ್ಷೆ ಮಾಡೋಕೆ ಕಟ್ಟಡ ನೋಡಿಕೊಳ್ಳುವ ಕಂಪನಿಯವರು ಬಂದರು. ನಮ್ಮನ್ನು ನೋಡಿ ನೀವು ಯಾರು ಅಂತ ಕೇಳಿದರು. ಏನು ಹೇಳುವುದು? ನಮ್ಮ ಮನೆಯಲ್ಲೇ ನಾವು ಕಳ್ಳರ ಹಾಗೆ ನಿಂತಿದ್ದೆವು. ಮುಂದಿನದು ಬೇಗ ಬೇಗ ನಡೆಯಿತು. ಓನರ್ ಕಡೆಯಿಂದ ಈತನಿಗೆ ಪತ್ರ, ಕೊನೆಗೆ ಕರಾರು ರದ್ದು, ನಾವು ಖಾಲಿ ಮಾಡಬೇಕು. ಇಲ್ಲಿ ಇದು ತುಂಬ ಮುಖ್ಯ: ಈತನ ಕರಾರು ಮುಗಿದ ಮೇಲೆ ಓನರ್ ಮನೆ ವಾಪಸ್ ಕೇಳಿದರೆ ಒಳಬಾಡಿಗೆಯವರು "ನಾನು ಬಾಡಿಗೆ ಕಟ್ಟಿದ್ದೇನೆ" ಅಂತ ಉಳಿಯೋಕೆ ಆಗುವುದಿಲ್ಲ. ನಮ್ಮ ಜಗಳ ಏನಿದ್ದರೂ ಈತನ ಜೊತೆ ಮಾತ್ರ.

ಸರಿ, ಡೆಪಾಸಿಟ್ ಕೊಡಿ ಅಂದೆ. ಉತ್ತರಗಳನ್ನು ಹಾಗೇ ಹಾಕುತ್ತೇನೆ, ಸ್ಕ್ರೀನ್‌ಶಾಟ್ ಎಲ್ಲ ಇದೆ.

"ಕೊಡ್ತೀನಮ್ಮ, ಈ ತಿಂಗಳು ಸ್ವಲ್ಪ ಟೈಟು."

"ಗೋಡೆಗೆ ಪೇಂಟ್ ಹೊಡಿಸಬೇಕು, ಹಾಸಿಗೆ ಹಾಳಾಗಿದೆ, ಕ್ಲೀನಿಂಗ್‌ನವರಿಗೆ ಕೊಡಬೇಕು, ಎಲ್ಲ ಕಳೆದರೆ ಏನೂ ಉಳಿಯಲ್ಲ."

"ಯಾವ ಡೆಪಾಸಿಟ್? ಕಾಂಟ್ರಾಕ್ಟ್ ಇದೆಯಾ ನಿನ್ನ ಹತ್ರ?"

"ನೀವು ಬಾಯಿ ಬಿಟ್ಟಿದ್ದಕ್ಕೇ ನನ್ನ ಮನೆ ಹೋಯ್ತು, ನಾನೇ ನಿನ್ನ ಮೇಲೆ ಕೇಸ್ ಹಾಕಬೇಕು."

"ಒಬ್ಬಳೇ ಹುಡುಗಿ ಇದ್ದೀಯ. ಪೊಲೀಸು, ಕೋರ್ಟು ಅಂತ ಓಡಾಡಿದರೆ ನಿನ್ನ ವೀಸಾಗೇ ತೊಂದರೆ. ಯೋಚನೆ ಮಾಡು."

ಈ ಕೊನೆಯದು ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಇಂಥವರೆಲ್ಲ ಬದುಕುವುದೇ ಈ ಒಂದು ಹೆದರಿಕೆಯ ಮೇಲೆ. ವಿದೇಶದಿಂದ ಬಂದವರು, ಭಾಷೆ ಬರಲ್ಲ, ವೀಸಾ ಅಂದರೆ ಬಾಯಿ ಮುಚ್ಚುತ್ತಾರೆ ಅಂತ. ಯೂನಿವರ್ಸಿಟಿಯ ವಿದ್ಯಾರ್ಥಿ ಸಂಘದಲ್ಲಿ ಕಾನೂನು ಸಲಹೆ ಪುಕ್ಕಟೆ ಸಿಗುತ್ತದೆ, ಅಲ್ಲಿ ಹೋಗಿ ಎಲ್ಲ ಹೇಳಿದೆ. ಅಲ್ಲಿದ್ದ ವಕೀಲರು ಮೊದಲು ಹೇಳಿದ್ದೇ, ಕೊಟ್ಟ ದುಡ್ಡು ವಾಪಸ್ ಕೇಳಿದ್ದಕ್ಕೆ ಯಾರ ಪರ್ಮಿಟ್ಟೂ ಹೋಗುವುದಿಲ್ಲ ಅಂತ. ಕಾಗದದ ಕರಾರು ಇಲ್ಲದಿದ್ದರೂ ಬಾಯಿಮಾತಿನ ಬಾಡಿಗೆ ಕರಾರು ಇಲ್ಲಿ ನಡೆಯುತ್ತದೆ. ಡೆಪಾಸಿಟ್ ಮೂರು ತಿಂಗಳ ಕಾಲ್ಟ್‌ಮೀಟೆ, ಅಂದರೆ ಹೀಟಿಂಗ್ ನೀರು ಬಿಟ್ಟ ಬರೀ ಬಾಡಿಗೆ, ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಈತ ಎಲ್ಲ ಸೇರಿದ ಬಾಡಿಗೆಯ ಮೇಲೆ ಲೆಕ್ಕ ಹಾಕಿದ್ದ. ಡೆಪಾಸಿಟ್ಟನ್ನು ಮೂರು ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆಯವರಿಗೆ ಇದೆ, ತೆಗೆದುಕೊಂಡವರು ತಮ್ಮ ದುಡ್ಡಿನ ಜೊತೆ ಬೆರೆಸದೆ ಬೇರೆ ಇಡಬೇಕು. ಮಧ್ಯೆ ಒಂದು ಸಲ "ನಾಳೆ ಬಂದು ಬೀಗ ಬದಲಾಯಿಸ್ತೀನಿ" ಅಂತಲೂ ಹೆದರಿಸಿದ್ದ. ಕೋರ್ಟಿನ ಆದೇಶ ಇಲ್ಲದೆ ಯಾರನ್ನೂ ಹಾಗೆ ಹೊರಗೆ ಹಾಕೋಕೆ ಆಗುವುದಿಲ್ಲ, ಅಂಥ ಹೊತ್ತಿನಲ್ಲಿ 110ಕ್ಕೆ ಫೋನ್ ಮಾಡಬಹುದು. ಇದೆಲ್ಲ ಮೊದಲೇ ಯಾರಾದರೂ ಕನ್ನಡದಲ್ಲಿ ಬರೆದಿದ್ದರೆ ನನಗೆ ಎಷ್ಟು ಉಪಕಾರ ಆಗುತ್ತಿತ್ತು.

ನನ್ನನ್ನು ಉಳಿಸಿದ್ದು ಆತನದೇ ಒಂದು ಮೆಸೇಜ್. ದುಡ್ಡು ಕೊಟ್ಟ ದಿನ ರಾತ್ರಿ "ಡೆಪಾಸಿಟ್ 1860, ಈ ತಿಂಗಳದ್ದು 620, ಎರಡೂ ಸಿಕ್ತು ಕಣಮ್ಮ, ನೆಮ್ಮದಿಯಾಗಿ ಮಲಗು" ಅಂತ ಕಳಿಸಿದ್ದ. ಅದನ್ನು ಅಳಿಸಿರಲಿಲ್ಲ. ಈಗ ಅದೇ ಸಾಕ್ಷಿ.

ಹಾಗಾಗಿ ರೂಮ್ ನೋಡೋಕೆ ಹೋದಾಗ ಮೊದಲ ಪ್ರಶ್ನೆ ಅನ್‌ಮೆಲ್ಡುಂಗ್ ಕಾಗದ ಯಾವತ್ತು ಕೊಡುತ್ತೀರಿ ಅಂತ. ಎರಡನೆಯದು ಓನರ್ ಒಪ್ಪಿಗೆ ಪತ್ರ ತೋರಿಸಿ ಅಂತ. ಮುಖ ಕೆಂಪಾದರೆ ಎದ್ದು ಬನ್ನಿ. ದುಡ್ಡು ಬ್ಯಾಂಕಿನಿಂದಲೇ ಹಾಕಿ, ಏನಕ್ಕೆ ಹಾಕಿದ್ದು ಅಂತ ಅದರಲ್ಲೇ ಬರೆಯಿರಿ. ನಗದೇ ಬೇಕು ಅಂದರೆ ರಸೀದಿ ಇಲ್ಲದೆ ಕೊಡಲೇಬೇಡಿ. ಬಂದ ದಿನ, ಬಿಟ್ಟ ದಿನ ರೂಮಿನ ಫೋಟೋ ತೆಗೆದಿಡಿ. ಜಗಳ ಆದರೆ ಬಾಡಿಗೆದಾರರ ಸಂಘಕ್ಕೆ, ಮೀಟರ್‌ಫೆರೈನ್ ಅನ್ನುತ್ತಾರೆ, ಸದಸ್ಯರಾಗಿ, ಅಲ್ಲಿ ವಕೀಲರು ಇರುತ್ತಾರೆ. ದುಡ್ಡಿಲ್ಲ ಅಂದರೆ ಆಮ್ಟ್ಸ್‌ಗೆರಿಖ್ಟ್, ಅಂದರೆ ಸ್ಥಳೀಯ ಕೋರ್ಟಿನಲ್ಲಿ ಬೆರಾಟುಂಗ್ಸ್‌ಹಿಲ್ಫೆ ಚೀಟಿ ಕೇಳಿ, ಅದು ಸಿಕ್ಕರೆ ವಕೀಲರ ಸಲಹೆಗೆ 15 ಯೂರೋ ಮಾತ್ರ. ಮತ್ತೆ, ಊರಿನ ಹೆಸರು ಕೇಳಿ ಕರಗಬೇಡಿ. ನನ್ನ ತರಗತಿಯ ಜರ್ಮನ್ ಹುಡುಗಿ ತನ್ನ ಸೋಫಾ ಮೇಲೆ ಜಾಗ ಕೊಟ್ಟಳು, ಮನೆಯವರ ಹಾಗೆ ನೋಡಿಕೊಂಡಳು. ಊರಿನ ಅಣ್ಣ ನಂಬರ್ ಬ್ಲಾಕ್ ಮಾಡಿದ.

ವೆಡ್ಡಿಂಗ್ ಕೋರ್ಟಿಗೆ ಮಾನ್‌ಬೆಶೈಡ್ ಅರ್ಜಿ ಹಾಕಿದ್ದೇನೆ, ಅಂದರೆ ಬಾಕಿ ಕೊಡಿ ಅಂತ ಕೋರ್ಟಿನಿಂದ ಹೋಗುವ ನೋಟಿಸು. ನೋಟಿಸು ಮುಟ್ಟಿ ಎರಡು ವಾರದಲ್ಲಿ ಆತ ತಕರಾರು ಹಾಕದಿದ್ದರೆ ಮುಂದೆ ವಸೂಲಿಗೆ ಹೋಗಬಹುದು, ಹಾಕಿದರೆ ಕೇಸ್ ನಡೆಯುತ್ತದೆ. ಹಾಕಲಿ, ನಡೆಯಲಿ. ನಮಗಿಂತ ಮೊದಲು ಆ ಮನೆಯಲ್ಲಿ ಇದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ, ಡ್ರಾಯರಿನಲ್ಲಿ ನಿಮ್ಮ ಬಸ್ ಪಾಸಿನ ಕವರ್ ಸಿಕ್ಕಿದೆ, ಕನ್ನಡದವರೇ ಇರಬೇಕು, ದಯವಿಟ್ಟು ನನಗೆ ಮೆಸೇಜ್ ಮಾಡಿ. ನಿಮ್ಮ ಡೆಪಾಸಿಟ್ಟೂ ಬಂದಿಲ್ಲ ಅಂದರೆ ಎಲ್ಲರೂ ಸೇರಿಯೇ ಕೇಳೋಣ.