ಫೀ ತಗೊಂಡ್ರು, ಆದ್ರ ಖರೇ ಹೇಳಿದ್ರು: ತಂಗಿ ಜರ್ಮನಿಗೆ ಹೋದ ಕನ್ಸಲ್ಟೆನ್ಸಿ ಬಗ್ಗೆ

ಈ ಆಫೀಸಿಗೆ ನಾ ಐದರಾಗ ನಾಕ್ ಸ್ಟಾರ್ ಕೊಡ್ಲಿಕತ್ತೀನಿ. ಒಂದ್ ಯಾಕ ಕಡಿಮಿ ಅಂತ ಕೆಳಗ ಬರೀತೀನಿ, ಮೊದ್ಲ ಛಲೋದು ಹೇಳ್ತೀನಿ, ಯಾಕಂದ್ರ ನಮ್ಮ ಕಲಬುರಗಿಯಾಗ ಫಾರಿನ್ ಓದು ಅಂತ ಬೋರ್ಡ್ ಹಾಕಿದ ಆಫೀಸ್ ಈಗ ಭಾಳ ಆಗ್ಯಾವ, ಯಾವುದಕ್ಕ ಹೋಗ್ಬೇಕು ಯಾರ್ ಮಾತ್ ನಂಬ್ಬೇಕು ಅಂತ ಮನಿಯವ್ರಿಗೆ ತಿಳಿಯಂಗಿಲ್ಲ, ನಮ್ಗೂ ತಿಳಿದಿರ್ಲಿಲ್ಲ.

ನನ್ ತಂಗಿ ಇಲ್ಲೇ ಮೆಕ್ಯಾನಿಕಲ್ ಬಿಇ ಮಾಡ್ಯಾಳ, 2024ಕ್ಕ ಮುಗೀತು, ಸಿಜಿಪಿಎ 8.2. ನಾ ದಾಲ್ ಮಿಲ್‌ನಾಗ ಅಕೌಂಟ್ಸ್ ನೋಡ್ತೀನಿ, ಅಪ್ಪ ಆಳಂದ ಕಡಿ ಹೊಲ ನೋಡ್ತಾರ, ತೊಗರಿನೇ ನಮ್ಮ ಎಲ್ಲಾ. ಇಲ್ಲೇ ಎಂಟೆಕ್ ಮಾಡಾಕ ಗೇಟ್ ಪರೀಕ್ಷಾ ಒಮ್ಮಿ ಬರದಿದ್ಳು, ಬೇಕಾದಷ್ಟು ಸ್ಕೋರ್ ಬರ್ಲಿಲ್ಲ. ಆಮ್ಯಾಲ ಅಣ್ಣಾ ನಾ ಹೊರಗ ಮಾಸ್ಟರ್ಸ್ ಮಾಡ್ತೀನಿ ಅಂತ ಹಟ ಹಿಡದ್ಳು.

ಮೊದ್ಲ ಹೋಗಿದ್ದು ಬ್ಯಾರೆ ಕಡಿ, ಹೆಸರು ಬ್ಯಾಡ. 2024ರ ನವೆಂಬರ್ ಕೊನಿ ಇರ್ಬೇಕು. ಎಲ್ಲಾ ಫ್ರೀ ಅಂದ್ರು, ಎಸಿ ರೂಮಿನಾಗ ಕುಂಡ್ರಿಸಿ ಚಹಾ ಕೊಟ್ರು, ಹತ್ತು ನಿಮಿಷದಾಗ ಕೆನಡಾ ಅಂತ ಫೈನಲ್ ಮಾಡೇಬಿಟ್ರು. ಅದೂ ಮಾಸ್ಟರ್ಸ್ ಅಲ್ಲ, ಎರಡ್ ವರ್ಷದ ಡಿಪ್ಲೊಮಾ, ಬಿಇ ಮುಗಿಸಿದ ಹುಡುಗಿಗೆ. ಎಸ್‌ಡಿಎಸ್ ಅಂತ ಒಂದು ದಾರಿ ಅದ, ವೀಸಾ ಜಲ್ದಿ ಬರ್ತದ ಅಂದ್ರು. ಅಷ್ಟ್ರಾಗ ಆ ದಾರಿ ನವೆಂಬರ್ 8ಕ್ಕೇ ಬಂದ್ ಆಗಿತ್ತು, ನಮ್ಗ ಅದು ಗೊತ್ತಾಗಿದ್ದು ಎರಡ್ನೇ ಆಫೀಸಿಗೆ ಬಂದ ಮ್ಯಾಲ. ಇನ್ನೊಂದು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅಲ್ಲೇ ಇಟ್ಕೊಂಡ್ರು, ವಾಪಸ್ ತಗೋಳಾಕ ಹದಿನೈದು ದಿನ ಅಡ್ಡಾಡಿದೆ. ದಯಮಾಡಿ ಒರಿಜಿನಲ್ ಯಾರ ಕೈಯಾಗೂ ಬಿಟ್ಟು ಬರಬ್ಯಾಡ್ರಿ, ತೋರಿಸ್ರಿ, ಜೆರಾಕ್ಸ್ ಕೊಡ್ರಿ, ತಗೊಂಡು ಬರ್ರಿ.

ಈ ಆಫೀಸು ಸಣ್ಣದು. ಮೆಟ್ಟಲ ಹತ್ತಿ ಹೋಗ್ಬೇಕು, ನಾಕ್ ಕುರ್ಚಿ, ಒಂದ್ ಕೂಲರ್. ಮೇಡಂ ಮೊದ್ಲ ಫೀ ಹೇಳಿದ್ರು, 45,000, ಮೂರ್ ಕಂತು, ಪಾವತಿ ಕೊಡ್ತೀವಿ ಅಂದ್ರು. ಅಪ್ಪ ಅಲ್ಲೇ ಕೇಳಿದ್ರು, ಆ ಕಡಿ ಫ್ರೀ ಅಂತಾರ, ನೀವ್ ಯಾಕ ರೊಕ್ಕ ಕೇಳ್ತೀರಿ ಮೇಡಂ ಅಂತ. ಅದಕ್ಕ ಮೇಡಂ ಸಿಟ್ಟಾಗ್ಲಿಲ್ಲ. "ಕಾಕಾರ, ಫ್ರೀ ಅಂದವ್ರಿಗೆ ಕಾಲೇಜಿನವ್ರು ಕೊಡ್ತಾರ. ನಿಮ್ ಮಗಳು ಕಟ್ಟೋ ಫೀಸಿನಾಗಿಂದ ಕಮಿಷನ್ ಬರ್ತದ. ಜರ್ಮನಿ ಸರ್ಕಾರಿ ಯೂನಿವರ್ಸಿಟಿ ಯಾರಿಗೂ ಕಮಿಷನ್ ಕೊಡಂಗಿಲ್ಲ, ಅದಕ್ಕ ಆ ಹೆಸರು ನಿಮ್ಗ ಅಲ್ಲಿ ಯಾರೂ ಹೇಳಿಲ್ಲ" ಅಂದ್ರು. ನಾ ಲೆಕ್ಕ ಬರಿಯೋ ಮನುಷ್ಯ, ದಿನಾ ಅಡತಿ ದಲಾಲಿ ನೋಡ್ತೀನಿ, ಈ ಮಾತು ನನಗ ಒಮ್ಮಿಗೇ ತಿಳೀತು. ನಾವ್ ರೊಕ್ಕ ಕೊಟ್ರ ಅವ್ರು ನಮ್ಮ ಕಡಿಯವ್ರು, ಕಾಲೇಜ್ ಕೊಟ್ರ ಕಾಲೇಜಿನ ಕಡಿಯವ್ರು.

ಆಮ್ಯಾಲ ಅವ್ರು ಯಾವ ದೇಶ ಬೇಕು ಅಂತ ಕೇಳ್ಲೇ ಇಲ್ಲ. ಓದು ಮುಗಿದ ಮ್ಯಾಲ ಏನ್ ಮಾಡೋದದ, ನೌಕರಿ ಜಲ್ದಿ ಸಿಗ್ಲಿಲ್ಲ ಅಂದ್ರ ಸಾಲದ ಕಂತು ಮನ್ಯಾಗ ಯಾರು ಎಷ್ಟು ತಿಂಗಳ ಕಟ್ಟಬಲ್ಲಿರಿ, ಇದನ್ನ ಕೇಳಿದ್ರು. ಅಪ್ಪ ಸುಮ್ನ ಕುಂತ್ರು. ಆ ಸಲ ತೊಗರಿ ಮಾರ್ಕೆಟ್ ಇಳೀಲಿಕತ್ತಿತ್ತು, ಹಿಂದ ಕ್ವಿಂಟಲ್‌ಗೆ 10,000 ದಾಟಿದ್ದು ಮುಂದ ಬೆಂಬಲ ಬೆಲೆ 7,550ರ ಕೆಳಗೂ ಹೋಯ್ತು. ಕಡಿಗೆ ಅಪ್ಪ ಒಂದ್ ವರ್ಷ ಕಟ್ತೀನಿ ಮೇಡಂ, ಅದ್ರ ಮ್ಯಾಲ ಆಗಂಗಿಲ್ಲ ಅಂದ್ರು. ಮೇಡಂ ಗ್ವಾಡಿ ಮ್ಯಾಲಿನ ಕ್ಯಾಲೆಂಡರಿಂದ ಹಳೆ ತಿಂಗಳದ ಹಾಳಿ ಹರದು ಹಿಂದಿನ ಕಡಿ ಕೆಂಪ್ ಪೆನ್ನಿನಾಗ ಮ್ಯಾಲ ಅದನ್ನೇ ಬರದ್ರು, "ಒಂದ್ ವರ್ಷ", ಕೆಳಗ ಎರಡ್ ಗೆರಿ ಎಳದ್ರು, ಆಮ್ಯಾಲ ಒಂದೊಂದ್ ದೇಶ. ಆ ಹಾಳಿ ಈಗೂ ನಮ್ಮ ಮನಿ ಕಪಾಟಿನಾಗ ಅದ.

ಅಮೆರಿಕಾ ಬಗ್ಗೆ ಹೇಳಿದ್ದು, ಮೆಕ್ಯಾನಿಕಲ್‌ನಂಥ ಕೋರ್ಸಿಗೆ ಓದಿದ ಮ್ಯಾಲ 12 ತಿಂಗಳ ಒಪಿಟಿ, ಅಂದ್ರ ಅಲ್ಲೇ ಕೆಲಸ ಮಾಡಾಕ ಕೊಡೋ ಪರವಾನಗಿ, ಅದ್ರ ಮ್ಯಾಲ ಮತ್ತ 24 ತಿಂಗಳ, ಒಟ್ಟು ಮೂರ್ ವರ್ಷ ಕೆಲಸ ಮಾಡಬಹುದು, ಪಗಾರನೂ ದೊಡ್ಡದು, ಆದ್ರ ಫೀಸ್ ಸೇರಿ ನಿಮ್ ಮನಿ ಮಾರ್ಟ್‌ಗೇಜ್‌ಗೆ ಹೋಗ್ತದ. ಇಂಗ್ಲೆಂಡಿನಾಗ ಮಾಸ್ಟರ್ಸ್ ಒಂದೇ ವರ್ಷ, ಊಟ ಬಾಡಿಗಿ ಒಂದ್ ವರ್ಷದ್ದು ಉಳಿತದ, ಮುಗಿದ ಮ್ಯಾಲ ಆಗ ಎರಡ್ ವರ್ಷ ಇರಬಹುದಿತ್ತು. ಅದು ಈಗ ಬದಲಾಗ್ಯದ ನೋಡ್ರಿ, 2027ರ ಜನವರಿಯಿಂದ ಅರ್ಜಿ ಹಾಕೋರಿಗೆ 18 ತಿಂಗಳೇ. ಐರ್ಲೆಂಡಿನಾಗ ಮಾಸ್ಟರ್ಸ್ ಮಾಡಿದವ್ರಿಗೆ 24 ತಿಂಗಳ ಅದ, ಐಟಿ ಹುಡುಗ್ರಿಗೆ ಛಲೋ, ನಮ್ಮ ಹುಡುಗಿ ಲೇಥ್ ವೆಲ್ಡಿಂಗ್ ಅನ್ನೋಳು.

ಜರ್ಮನಿಗೆ ಬಂದಾಗ ಪೂರ್ತಿ ಅರ್ಧ ತಾಸು ಕುಂತ್ರು. ಸರ್ಕಾರಿ ಯೂನಿವರ್ಸಿಟಿಯಾಗ ಹೆಚ್ಚಿನ ಕಡಿ ಟ್ಯೂಷನ್ ಫೀಸ್ ಇಲ್ಲ, ಸೆಮಿಸ್ಟರ್‌ಗೆ ಕೆಲವು ನೂರು ಯೂರೋ ಕಾಂಟ್ರಿಬ್ಯೂಷನ್ ಕಟ್ಟೋದು. ಆದ್ರ ಎಲ್ಲಾ ಕಡಿ ಫ್ರೀ ಅಂತ ತಿಳ್ಕೋಬ್ಯಾಡ್ರಿ ಅಂತ ಅವ್ರೇ ಹೇಳಿದ್ರು. ಬಾಡೆನ್ ವುರ್ಟೆಂಬರ್ಗ್ ರಾಜ್ಯದಾಗ ನಮ್ಮಂಥ ಹೊರಗಿನವ್ರಿಗೆ ಸೆಮಿಸ್ಟರ್‌ಗೆ 1,500 ಯೂರೋ, ಮ್ಯೂನಿಕ್ ಟೆಕ್ನಿಕಲ್ ಯೂನಿವರ್ಸಿಟಿ 2024ರಿಂದ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ ಹಚ್ಯದ. ಪ್ರೈವೇಟ್ ಕಾಲೇಜೂ ಅಲ್ಲಿ ಭಾಳ ಅವ, ಅವಕ್ಕ ಫೀಸೂ ಅದ ಕಮಿಷನ್ನೂ ಅದ, ಯಾರಾದ್ರೂ ಜರ್ಮನಿ ಅಂತ ಹೇಳಿ ಅಲ್ಲಿಗೆ ಕಳಸ್ತಾರ, ಹೆಸರು ನೋಡಿ ಸಹಿ ಮಾಡ್ರಿ ಅಂದ್ರು.

ಖರ್ಚಿನ ರೊಕ್ಕ ಮಾತ್ರ ಮೊದ್ಲೇ ತೋರಿಸ್ಬೇಕು. ಬ್ಲಾಕ್ಡ್ ಅಕೌಂಟ್ ಅಂತಾರ, ವರ್ಷಕ್ಕ 11,904 ಯೂರೋ, ಅದು ನಮ್ದೇ ರೊಕ್ಕ, ಹೋದ ಮ್ಯಾಲ ತಿಂಗಳಿಗೆ 992 ಯೂರೋ ಹಂಗ ಕೈಗೆ ಬರ್ತದ. ಇಲ್ಲಿ ಒಂದ್ ಮಾತು ಎಲ್ಲಾರೂ ಕೇಳ್ರಿ. ನಾವು ಹಾಳಿ ಮ್ಯಾಲ ಲೆಕ್ಕ ಹಾಕಿದಾಗ ಯೂರೋ 90 ರೂಪಾಯಿ ಹತ್ರ ಇತ್ತು, 2025ರ ಜುಲೈದಾಗ ರೊಕ್ಕ ಕಳಸೋ ಹೊತ್ತಿಗೆ 100ರ ಹತ್ರ ಬಂತು, ಏನೂ ಮಾಡದೇ ಒಂದ್ ಲಕ್ಷದ ಮ್ಯಾಲ ಜಾಸ್ತಿ ಬಿತ್ತು. ಮೇಡಂ ಮೊದ್ಲೇ ಹತ್ತಿಪ್ಪತ್ತು ಪರ್ಸೆಂಟ್ ಹೆಚ್ಚಿಗಿ ಹಿಡದು ಸಾಲಕ್ಕ ಅರ್ಜಿ ಹಾಕಿಸಿದ್ರು ಅಂತ ಉಳದ್ವಿ. ಸಾಲನೂ ಸುಳೂ ಇಲ್ಲ. ಬ್ಯಾಂಕಿನವ್ರು ಏಳೂವರಿ ಲಕ್ಷದ ಮ್ಯಾಲ ಹೋದ್ರ ಆಸ್ತಿ ಕೇಳಿದ್ರು, ಹೊಲದ ಉತಾರಿ ಒಯ್ದ್ರ ಅದು ನಡಿಯಂಗಿಲ್ಲ ಮನಿ ಕಾಗದ ತರ್ರಿ ಅಂದ್ರು. ಎಂಟ್ ದಿನ ಅಪ್ಪ ನಿದ್ದಿ ಮಾಡಿಲ್ಲ. ಬಾಜು ಮನಿ ಹುಡುಗ ಎಸ್‌ಸಿ, ಅವ್ನೂ ನಮ್ ಜೋಡಿ ಬಂದಿದ್ದ, ಅವ್ನಿಗೆ ಮೇಡಂ ಸಾಲದ ಮಾತು ಆಮ್ಯಾಲ, ಮೊದ್ಲ ಸಮಾಜ ಕಲ್ಯಾಣ ಇಲಾಖೆದು ಪ್ರಬುದ್ಧ ಸ್ಕಾಲರ್‌ಶಿಪ್ ಅದ, ಎಸ್‌ಸಿ ಎಸ್‌ಟಿ ಮಕ್ಕಳಿಗೆ ಫಾರಿನ್ ಓದಿಗೆ ಅಂತಲೇ ಇರೋದು, ಅದಕ್ಕ ಹಾಕು ಅಂತ ಕಳಿಸಿದ್ರು, ಅವನ ಹತ್ರ ಒಂದ್ ರೂಪಾಯಿ ತಗೊಳ್ಳಲಿಲ್ಲ. ನಾ ನಾಕ್ ಸ್ಟಾರ್ ಕೊಟ್ಟಿದ್ದು ಇದಕ್ಕೂ ಸೇರಿ.

ಅಪ್ಪ ಫೈಲಿನಾಗ 371ಜೆ ಸರ್ಟಿಫಿಕೇಟ್‌ನೂ, ಅಂದ್ರ ನಮ್ಮ ಕಲ್ಯಾಣ ಕರ್ನಾಟಕದವ್ರಿಗೆ ಇರೋ ಮೀಸಲಾತಿದು, ಲ್ಯಾಮಿನೇಷನ್ ಮಾಡಿಸಿ ತಂದಿದ್ರು. ನಮ್ಮ ಮನಿಯಾಗ ಸೀಟ್ ಸಿಕ್ಕಿದ್ದು ಅದರಿಂದ, ಅದಕ್ಕ ಅಷ್ಟ್ ಮರ್ಯಾದಿ. ಮೇಡಂ ಅದನ್ನ ಎರಡೂ ಕೈಲೆ ತಗೊಂಡು ನೋಡಿ, "ಕಾಕಾರ, ಇದು ಅಲ್ಲಿ ನಡಿಯಂಗಿಲ್ಲ, ಆದ್ರ ಜ್ವಾಕಿ ಇಡ್ರಿ, ತಿರುಗಿ ಬಂದು ಇಲ್ಲಿ ಸರ್ಕಾರಿ ನೌಕರಿಗೆ ಹಾಕಿದ್ರ ಬೇಕಾಗ್ತದ" ಅಂದ್ರು. ಅಪ್ಪಗ ಆ ಮಾತು ಭಾಳ ಹಿಡಿಸ್ತು.

ಕಾಗದದ ಕೆಲಸ ಹೇಳ್ತೀನಿ. ಜರ್ಮನಿ ಸ್ಟೂಡೆಂಟ್ ವೀಸಾಕ್ಕ ಎಪಿಎಸ್ ಸರ್ಟಿಫಿಕೇಟ್ 2022ರ ನವೆಂಬರಿನಿಂದ ಕಡ್ಡಾಯ, 18,000 ಕಟ್ಟಿದ್ವಿ, ಎಪಿಎಸ್ ಅಂದ್ರ ಜರ್ಮನಿ ಎಂಬಸಿ ಕಡಿ ಆಫೀಸು, ನಮ್ಮ ಮಾರ್ಕ್ಸ್ ಕಾರ್ಡ್ ಖರೇವೋ ಸುಳ್ಳೋ ಅಂತ ಅವ್ರು ನೋಡ್ತಾರ. ಇಲ್ಲಿ ನಮ್ಗ ಹೆಸರಿನ ತ್ರಾಸ್ ಆಯ್ತು. ಎಸ್‌ಎಸ್‌ಎಲ್‌ಸಿ ಕಾರ್ಡಿನಾಗ ತಂಗಿ ಹೆಸರು ಮುಂದ ಅಪ್ಪನ ಹೆಸರು, ಪಾಸ್‌ಪೋರ್ಟ್‌ನಾಗ ಮನಿತನದ ಹೆಸರು. ನಮ್ಮ ಕಡಿ ಹತ್ತರಾಗ ಎಂಟ್ ಮಂದಿದು ಹಿಂಗೇ ಇರ್ತದ. ಮೇಡಂ ಮೊದಲ ದಿನಾನೇ ಎರಡೂ ಬಾಜುಬಾಜು ಇಟ್ಟು ಬೆರಳು ಇಟ್ಟು ತೋರಿಸಿ, ಕೋರ್ಟ್ ಕಡಿ ಹೋಗಿ ಇಬ್ರೂ ಒಬ್ರೇ ಅಂತ ಅಫಿಡವಿಟ್ ಮಾಡಿಸ್ಕೊಂಡು ಬರ್ರಿ ಅಂತ ಕಳಿಸಿದ್ರು. ಮಾರ್ಕ್ಸಿನ ಲೆಕ್ಕಾನೂ ತಿಳಿಸಿದ್ರು, ಅಲ್ಲಿ 1 ಅಂದ್ರ ಎಲ್ಲಕ್ಕಿಂತ ಮ್ಯಾಲ, 4 ಅಂದ್ರ ಬರೇ ಪಾಸ್. ಹತ್ತರಾಗ 8.2, ಪಾಸ್ ಪಾಯಿಂಟ್ 4 ಹಿಡದ್ರ 1.9 ಬರ್ತದ. ತಂಗಿ 1.9 ನೋಡಿ ಮೋತಿ ಸಣ್ಣ ಮಾಡಿದ್ಳು, ಅದು ಛಲೋ ಮಾರ್ಕ್ಸ್ ಅಂತ ತಿಳಿಸಿದ ಮ್ಯಾಲ ಉಸಿರು ಬಿಟ್ಳು.

ಜರ್ಮನ್ ಭಾಷಾ ಇಲ್ಲಿಂದೇ ಶುರು ಮಾಡಿಸಿದ್ರು, ಕೋರ್ಸ್ ಇಂಗ್ಲಿಷಿನಾಗ ಇದ್ರೂ ಫ್ಯಾಕ್ಟರಿಯಾಗ ಮಾತಾಡೋದು ಜರ್ಮನ್ನೇ, ಭಾಷಾ ಬರ್ಲಿಲ್ಲ ಅಂದ್ರ ಓದಿದ ಮ್ಯಾಲ ನೌಕರಿ ಹುಡುಕಾಕ ಕೊಡೋ 18 ತಿಂಗಳು ಸುಮ್ನ ಹೋಗ್ತಾವ ಅಂದ್ರು. ಈ ಮಾತು ಮೊದಲ ಆಫೀಸಿನವ್ರು ಯಾವ ದೇಶಕ್ಕೂ ಹೇಳಿರ್ಲಿಲ್ಲ.

ಈಗ ಒಂದ್ ಸ್ಟಾರ್ ಯಾಕ ಕಡಿಮಿ. ಎಸ್‌ಒಪಿ, ಅಂದ್ರ ಈ ಕೋರ್ಸ್ ಯಾಕ ಬೇಕು ಅಂತ ಅರ್ಜಿ ಜೋಡಿ ಕೊಡೋ ಪತ್ರ, ಅದನ್ನ ಬರಿಯಾಕ ಇರೋ ಹುಡುಗ ಎಲ್ಲಾರಿಗೂ ಒಂದೇ ಕೊಡ್ತಾನ, ಸಣ್ಣಾಕಿ ಇದ್ದಾಗಿಂದ ನನಗ ಮಷಿನ್ ಅಂದ್ರ ಆಸೆ ಅಂತ ಶುರು ಆಗ್ತದ. ತಂಗಿ ಅದನ್ನ ಹರದು ಒಗದು ತಾನೇ ಬರದ್ಳು. ಫೈನಲ್ ಇಯರ್ ಪ್ರಾಜೆಕ್ಟಿಗೆ ನಮ್ಮ ಮಿಲ್ಲಿಗೆ ಎರಡ್ ತಿಂಗಳ ಬಂದಿದ್ಳು, ತೊಗರಿ ಸಿಪ್ಪಿ ಬಿಡಸೋ ರೋಲರ್ ಹತ್ರ ಕಾಳು ಯಾಕ ನುಚ್ಚಾಗ್ತದ ಅಂತ ನೋಡಿದ್ಳು, ಗ್ಯಾಪ್ ಬದಲ ಮಾಡಿ ಮಾಡಿ ಒಂದೊಂದ್ ಕಿಲೋ ತೂಕ ಹಾಕಿ ನೋಟ್‌ಬುಕ್ಕಿನಾಗ ಬರಕೊಂಡಿದ್ಳು, ಪುಟದ ತುಂಬಾ ಹೊಟ್ಟಿನ ಧೂಳ. ಅದನ್ನೇ ಬರದ್ಳು. ಮೇಡಂಗ ತೋರಿಸಿದಾಗ ಇದೇ ಕಳಸು, ನಮ್ಮ ಹುಡುಗನ್ದು ಬ್ಯಾಡ ಅಂದ್ರು. ಹಂಗಂದ್ರ ಮೊದ್ಲೇ ಯಾಕ ಕೊಡೋದು? ಇನ್ನೊಂದು, ಕೆಲವು ಯೂನಿವರ್ಸಿಟಿಗೆ ಯೂನಿ ಅಸಿಸ್ಟ್ ಅಂತ ಅರ್ಜಿ ಕಾಗದ ನೋಡೋ ಸಂಸ್ಥಾದಿಂದ ವಿಪಿಡಿ ಅಂತ, ಅಂದ್ರ ನಮ್ಮ ಮಾರ್ಕ್ಸ್ ನೋಡಿ ಕೊಡೋ ಕಾಗದ, ಮೊದ್ಲೇ ತಗೋಬೇಕು, ಅದನ್ನ ಹೇಳಾಕ ತಡ ಮಾಡಿದ್ರು, ಜುಲೈ 15 ಕೊನೆ ತಾರೀಖಿನ ಒಂದ್ ಅರ್ಜಿ ನಮ್ಗ ತಪ್ಪೇ ಹೋಯ್ತು. ಮೇಡಂ ತಪ್ಪು ಅಂತ ಒಪ್ಕೊಂಡ್ರು, ಕಡೀ ಕಂತಿನಾಗ 5,000 ಬಿಟ್ರು. ರೊಕ್ಕ ಬಿಟ್ಟಿದ್ದು ಖರೇ, ಅದ್ರೂ ಆ ಯೂನಿವರ್ಸಿಟಿ ತಂಗಿಗೆ ಎಲ್ಲಕ್ಕಿಂತ ಇಷ್ಟ ಇತ್ತು.

ಬ್ಯಾರೆ ಕಡಿ ಸಿಕ್ತು, ಪೂರ್ವ ಜರ್ಮನಿ ಕಡಿ ಸಣ್ಣ ಊರು, ಬಾಡಿಗಿ ಕಡಿಮಿ. 2025ರ ಅಕ್ಟೋಬರಿಗೆ ಹೋದ್ಳು. ಈಗ ಲ್ಯಾಬಿನಾಗ ವಾರಕ್ಕ ಕೆಲವು ತಾಸು ಪ್ರೊಫೆಸರ್ ಕೈಕೆಳಗ ಕೆಲಸ ಮಾಡ್ತಾಳ, ಹೀವಿ ಅಂತಾರ ಅಲ್ಲಿ. ವಿಡಿಯೋ ಕಾಲ್‌ನಾಗ ಮಷಿನ್ ತೋರಿಸಿದ್ಳು, ಇಲ್ಲಿ ನಾಕ್ ವರ್ಷದಾಗ ಗಾಜಿನ ಹೊರಗ ನಿಂತು ನೋಡಿದ್ದನ್ನ ಅಲ್ಲಿ ಮೊದಲ ತಿಂಗಳದಾಗ ಬಿಚ್ಚಿ ಜೋಡಸ್ಯಾಳ. ಓದಾಕ ಹೊರಗ ಹೋದ್ರ ಏನ್ ಬರ್ತದ ಅಂತ ಕೇಳೋರಿಗೆ ನಾ ಇದನ್ನೇ ಹೇಳ್ತೀನಿ. ಅವ್ವ ಮಾತ್ರ ಪ್ರತಿ ಸಲ ರೊಟ್ಟಿ ಉಳದಾವೇನ್ ಅಂತ ಕೇಳ್ತಾಳ. ಖಡಕ್ ರೊಟ್ಟಿ ಎಪ್ಪತ್ತು ಕಟ್ಟಿ ಕಳಿಸಿದ್ಳು, ಡಿಸೆಂಬರಿಗೇ ಮುಗದಾವ.

ಹೋಗೋರು ಶನಿವಾರ ಮುಂಜಾನಿ ಹೋಗ್ರಿ, ಮೇಡಂ ಖುದ್ದ ಇರ್ತಾರ, ಸಂಜಿ ಆರರ ಮ್ಯಾಲ ಫೋನ್ ಎತ್ತಂಗಿಲ್ಲ. ಗಾಡಿ ಹಚ್ಚಾಕ ಜಾಗ ಇಲ್ಲ, ಆಟೋ ಮಾಡ್ರಿ. ಅಪ್ಪ ಅವ್ವನ್ನೂ ಕರಕೊಂಡು ಹೋಗ್ರಿ, ಮೊದಲ ಪ್ರಶ್ನಿ ಅವ್ರಿಗೇ ಕೇಳ್ತಾರ. ಎಸ್‌ಎಸ್‌ಎಲ್‌ಸಿ ಕಾರ್ಡು ಪಾಸ್‌ಪೋರ್ಟು ಎರಡೂ ಒಯ್ರಿ, ಹೆಸರು ತಾಳೆ ನೋಡಿಸ್ರಿ, ಬರೋ ಮುಂದ ಒರಿಜಿನಲ್ ಎಣಿಸಿ ತಗೊಂಡು ಬರ್ರಿ.