ಮದುವೆ ಆಲ್ಬಮ್ ಫೋಲ್ಡರ್‌ಗೆ ಬೀಗ: ಅಪಾಚಿನಾ, ಎಂಜಿನ್‌ಎಕ್ಸಾ?

ಮಲ್ಲೇಶ್ವರದ ಒಂದು ಚಿಕ್ಕ ಫೋಟೋ ಸ್ಟುಡಿಯೋದ ಸರ್ವರ್ ನೋಡಿಕೊಳ್ಳುತ್ತೇನೆ. ಒಂದೊಂದು ಮದುವೆಗೂ ಒಂದೊಂದು ಫೋಲ್ಡರ್. ಒಬ್ಬರ ಮನೆ ಫೋಟೋ ಇನ್ನೊಬ್ಬರಿಗೆ ಕಾಣಬಾರದು, ಅಷ್ಟೇ. ಇದಕ್ಕಾಗಿ ಅಪಾಚಿ, ಎಂಜಿನ್‌ಎಕ್ಸ್ ಎಂಬ ಎರಡು ವೆಬ್ ಸರ್ವರ್ ಸಾಫ್ಟ್‌ವೇರ್‌ಗಳನ್ನೂ (ಬ್ರೌಸರ್ ಕೇಳಿದ ಪುಟ, ಫೋಟೋ ಕಳಿಸಿಕೊಡುವಂಥವು) ಓಡಿಸಿ ನೋಡಿದೆ.

ಅಪಾಚಿಯಲ್ಲಿ ಕೆಲಸ ಸಲೀಸು. ಫೋಲ್ಡರ್ ಒಳಗೇ ‘.ಎಚ್‌ಟಿಆಕ್ಸೆಸ್’ (.htaccess) ಅನ್ನುವ ಫೈಲ್ ಇಟ್ಟು ನಾಲ್ಕು ಸಾಲು ಬರೆದರೆ ಪಾಸ್‌ವರ್ಡ್ ಕೇಳಲು ಶುರು ಮಾಡುತ್ತದೆ. ಸರ್ವರ್ ರೀಸ್ಟಾರ್ಟ್ ಬೇಡ. ಸ್ಟುಡಿಯೋ ಹುಡುಗರು ಫೋಟೋ ಜೊತೆಗೇ ಆ ಫೈಲನ್ನೂ ಅಪ್‌ಲೋಡ್ ಮಾಡಿಬಿಡುತ್ತಾರೆ. ಆದರೆ ಇಂಥ ಫೈಲನ್ನು ಸರ್ವರ್ ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ ಅಂತ ಹೇಳುವ ‘ಅಲೋಓವರ್‌ರೈಡ್’ (AllowOverride) ಸೆಟ್ಟಿಂಗ್ 2.4 ಆವೃತ್ತಿಯಲ್ಲಿ ತಾನಾಗಿ ‘ನನ್’ (None, ಅಂದರೆ ಬೇಡ) ಆಗಿರುತ್ತದೆ. ಮುಖ್ಯ ಕಾನ್ಫಿಗ್‌ನಲ್ಲಿ (ಸರ್ವರ್‌ನ ಸೆಟ್ಟಿಂಗ್ ಫೈಲ್) ಅದನ್ನು ‘ಆತ್‌ಕಾನ್ಫಿಗ್’ (AuthConfig) ಮಾಡದಿದ್ದರೆ ನಿಮ್ಮ ಫೈಲ್ ಸುಮ್ನೆ ಬಿದ್ದಿರುತ್ತದೆ. ಎರರ್ ಕೂಡ ಬರಲ್ಲ, ಫೋಟೋ ಎಲ್ಲರಿಗೂ ತೆರೆದೇ ಇರುತ್ತದೆ. ಬೇರೆ ಫೋನ್‌ನಿಂದ ಲಿಂಕ್ ಒತ್ತಿ ನೋಡದೆ ಯಾರಿಗೂ ಕಳಿಸಬೇಡಿ.

ಪ್ರತಿ ಸಲ ಫೋಟೋ ಕೇಳಿದಾಗಲೂ ಅಪಾಚಿ ಮೇಲಿನ ಫೋಲ್ಡರ್‌ಗಳಲ್ಲೆಲ್ಲ ಈ ಫೈಲ್ ಇದೆಯಾ ಅಂತ ಹುಡುಕುತ್ತದೆ. ಅದಕ್ಕೇ ನಿಧಾನ ಅನ್ನುತ್ತಾರೆ. ನೆಂಟರಿಷ್ಟರು ಆಲ್ಬಮ್ ನೋಡುವಷ್ಟಕ್ಕೆ ನನಗಂತೂ ವ್ಯತ್ಯಾಸ ಗೊತ್ತಾಗಲಿಲ್ಲ.

ಎಂಜಿನ್‌ಎಕ್ಸ್‌ನಲ್ಲಿ ಇಂಥ ಫೈಲೇ ಇಲ್ಲ. ಎಲ್ಲವೂ ಸರ್ವರ್ ಕಾನ್ಫಿಗ್‌ನಲ್ಲೇ. ಬದಲಿಸಿ, ಟೆಸ್ಟ್ ಮಾಡಿ, ರೀಲೋಡ್ ಕೊಡಬೇಕು. ಮದುವೆ ಸೀಸನ್‌ನಲ್ಲಿ ಹುಡುಗರಿಂದ ದಿನಾ ಫೋನ್: ‘ಸರ್, ಇನ್ನೊಂದು ಫೋಲ್ಡರ್ ಲಾಕ್ ಮಾಡ್ಕೊಡಿ.’ ಅದಕ್ಕಿಂತ ತಲೆನೋವು ಇನ್ನೊಂದಿದೆ. ‘/ಆಲ್ಬಮ್/’ ಲೊಕೇಶನ್‌ಗೆ (ಆ ವಿಳಾಸದಿಂದ ಶುರುವಾಗುವ ಲಿಂಕ್‌ಗಳಿಗೆ ಅನ್ವಯಿಸುವ ಕಾನ್ಫಿಗ್ ಭಾಗ) ಪಾಸ್‌ವರ್ಡ್ ಹಾಕಿದರೆ ಫೋಟೋಗಳಿಗೆ ಬೀಗ ಬಿತ್ತು. ಅದೇ ಫೋಲ್ಡರ್‌ನಲ್ಲಿ ಪಿಎಚ್‌ಪಿ ಭಾಷೆಯಲ್ಲಿ ಬರೆದಿದ್ದ ಡೌನ್‌ಲೋಡ್ ಪುಟ ಮಾತ್ರ ಪಾಸ್‌ವರ್ಡ್ ಕೇಳದೆ ತೆರೆಯಿತು! ಪಿಎಚ್‌ಪಿಗೆಂದು ಬೇರೆ ಕಡೆ ಬರೆದಿದ್ದ ರೆಜೆಕ್ಸ್ ಲೊಕೇಶನ್ನೇ (‘.php’ಯಲ್ಲಿ ಮುಗಿಯುವ ಲಿಂಕ್ ಎಂಬಂಥ ಮಾದರಿ ನೋಡಿ ಹೊಂದಿಸುವುದು) ಗೆಲ್ಲುವುದು ಇದಕ್ಕೆ ಕಾರಣ. ಆಲ್ಬಮ್ ಸಾಲಿಗೆ ‘^~’ (ರೆಜೆಕ್ಸ್ ನೋಡಬೇಡ ಅನ್ನುವ ಗುರುತು) ಸೇರಿಸಿ, ಪಿಎಚ್‌ಪಿ ಭಾಗವನ್ನು ಅದರ ಒಳಗೇ ಇನ್ನೊಮ್ಮೆ ಬರೆದ ಮೇಲೆ ಸರಿಹೋಯಿತು.

ಎಂಜಿನ್‌ಎಕ್ಸ್‌ನ ಒಂದು ಗುಣ ಇಷ್ಟವಾಯಿತು. ಫೋಲ್ಡರ್‌ನಲ್ಲಿರುವ ಫೈಲ್‌ಗಳ ಪಟ್ಟಿಯನ್ನು ಅದು ತಾನಾಗಿ ತೋರಿಸುವುದಿಲ್ಲ. ಉಬುಂಟುವಿನ ಅಪಾಚಿಯಲ್ಲಿ ಅದನ್ನು ನಾವೇ ‘-ಇಂಡೆಕ್ಸಸ್’ (Options -Indexes) ಬರೆದು ಮುಚ್ಚಬೇಕು.

ಐಪಿ (ಇಂಟರ್ನೆಟ್ ವಿಳಾಸ) ನೋಡಿ ಒಳಬಿಡುವುದು ಎರಡರಲ್ಲೂ ಇದೆ, ನಮಗೆ ಪ್ರಯೋಜನವಿಲ್ಲ. ಮೊಬೈಲ್ ನೆಟ್‌ನಲ್ಲಿ ಐಪಿ ಬದಲಾಗುತ್ತಲೇ ಇರುತ್ತದೆ, ಜೊತೆಗೆ ಒಂದೇ ಐಪಿಯಲ್ಲಿ ಎಷ್ಟೋ ಜನ ಇರುತ್ತಾರೆ. ಇನ್ನು ‘ಸಿಎಚ್‌ಮಾಡ್ 640’ (chmod, ಸರ್ವರ್‌ನಲ್ಲಿರುವ ಫೈಲನ್ನು ಯಾರು ಓದಬಹುದು ಅಂತ ಗೊತ್ತು ಮಾಡುವ ಕಮಾಂಡ್) ಮಾಡಿದರೆ ಸಾಲದಾ ಅಂತ ಕೇಳುವವರಿದ್ದಾರೆ. ಸಾಲದು. ಬಂದವರೆಲ್ಲರ ಪರವಾಗಿ ಫೈಲ್ ಓದುವುದು ಸರ್ವರ್ ತಾನೇ, ಅದಕ್ಕೆ ಬಂದವರು ಯಾರು ಅಂತ ಹೇಗೆ ಗೊತ್ತಾಗಬೇಕು, ಅಲ್ವಾ?

ನಾನು ಅಪಾಚಿಯನ್ನೇ ಇಟ್ಟುಕೊಂಡೆ. ಫೋಲ್ಡರ್‌ಗಳು ದಿನಾ ಬದಲಾಗದ ಸೈಟ್ ಆಗಿದ್ದರೆ ಎಂಜಿನ್‌ಎಕ್ಸ್ ಅನ್ನುತ್ತಿದ್ದೆ. ಯಾವುದೇ ಆದರೂ ಎಚ್‌ಟಿಟಿಪಿಎಸ್ (ಗೂಢಲಿಪಿಯ ಸಂಪರ್ಕ) ಬೇಕೇ ಬೇಕು, ಏಕೆಂದರೆ ಈ ಪಾಸ್‌ವರ್ಡ್ ಹೋಗುವುದು ಬರೀ ಬೇಸ್64 ರೂಪದಲ್ಲಿ, ಅದನ್ನು ಯಾರು ಬೇಕಾದರೂ ಬಿಡಿಸಿ ಓದಬಹುದು. ಪಾಸ್‌ವರ್ಡ್ ಫೈಲನ್ನು ವೆಬ್ ಫೋಲ್ಡರ್‌ನಿಂದ ಹೊರಗಿಡಿ. ಎರಡನೇ ಕುಟುಂಬದ ಹೆಸರು ಸೇರಿಸುವಾಗ ಪಾಸ್‌ವರ್ಡ್ ಫೈಲ್ ಬರೆಯುವ ‘ಎಚ್‌ಟಿಪಾಸ್‌ಡಬ್ಲ್ಯುಡಿ’ (htpasswd) ಕಮಾಂಡ್‌ನಲ್ಲಿ ‘-ಸಿ’ (-c) ಹಾಕಬೇಡಿ, ಹಳೇ ಫೈಲ್ ಅಳಿಸಿ ಹೊಸದು ಬರೆದುಬಿಡುತ್ತದೆ.